ತಲೆ ಕೆಡಿಸಿಕೊಂಡವರು, ತಲೆ ಕೆಡಿಸಿದವರು

ರಂಜಾನ್ ಹಬ್ಬಕ್ಕೆಂದು ಆಪಾಳ ಮನೆಗೆ ಹೋಗಿದ್ದೆ. ಆಪಾಳ ಮಗಳು ಮೆಡಿಕಲ್ ಓದುತ್ತಿದ್ದಾಳೆ, ಈಗ ಕೊನೆಯ ವರ್ಷ. ಎರಡು ದಿನದ ರಜೆ ಸಿಕ್ಕಿತ್ತೆಂದು ಅವಳೂ ಬಂದಿದ್ದಳು. ಹುಡುಗಿ ಬಸ್ಸಿಳಿದು ಬಂದು ಮುಖ ತೊಳೆಯುವ ಮೊದಲೇ ಪಕ್ಕದ ಮನೆಯ ದಾದಿಮಾ ತಮ್ಮ ಮಂಡಿಯ ಎಕ್ಸ್‌ರೇ ಹಿಡಿದು ನಡುಮನೆಯಲ್ಲಿ ಕೂತಿದ್ದರು. ಅವರ ಹಿಂದೆ ಭಾವನ ಸ್ನೇಹಿತರೊಬ್ಬರು, ಕೈಯಲ್ಲಿ ಶುಗರ್ ರಿಪೋರ್ಟು. ಶೀರ್‌ಖುರ್ಮಾದ ಬಟ್ಟಲು ಕೊಡುವವರೂ 'ಡಾಕ್ಟರ್ ಸಾಹಿಬಾ' ಎಂದೇ ಕರೆಯುತ್ತಿದ್ದರು. ಅವಳು ಎಲ್ಲರಿಗೂ ನಗುತ್ತ ಉತ್ತರ ಹೇಳುತ್ತಿದ್ದಳು. ಆಪಾಳ ಮುಖದಲ್ಲಿ ಅಂದು ಇದ್ದ ಬೆಳಕನ್ನು ನಾನು ಅವಳ ಮದುವೆಯ ದಿನವೂ ಕಂಡಿರಲಿಲ್ಲ.

ರಾತ್ರಿ ಮಾಳಿಗೆಯ ಮೇಲೆ ಚಾಪೆ ಹಾಸಿಕೊಂಡು ಮಲಗಿದ್ದಾಗ ಹುಡುಗಿ ಹೇಳಿದಳು: "ಖಾಲಾ, ಸೆಕೆಂಡ್ ಇಯರ್‌ನಲ್ಲಿ ಮೂರು ತಿಂಗಳು ನಾನು ಸರಿಯಾಗಿ ನಿದ್ದೆ ಮಾಡಿಲ್ಲ. ಪುಸ್ತಕ ತೆಗೆದರೆ ಅಕ್ಷರ ಓಡಾಡ್ತಿದ್ದವು. ಅಮ್ಮಿಗೆ ಹೇಳಿಲ್ಲ, ಅಬ್ಬಾಗೂ ಹೇಳಿಲ್ಲ. ಒಂದು ಫಾರ್ಮಿಗೆ ಮಾತ್ರ ಹೇಳಿದೆ."

"ಫಾರ್ಮಿಗಾ?"

"ಹೂಂ. ಮೊಬೈಲಿಗೆ ಬಂದಿತ್ತು. ಏನು ಬರೆದರೂ ಗುಟ್ಟಾಗಿ ಇಡ್ತೀವಿ ಅಂತ ಇತ್ತು. ಅದಕ್ಕೇ ನಿಜ ಬರೆದೆ."

ಅವಳು ನಿಜ ಬರೆದ ಆ ಫಾರ್ಮು ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆಯದು. ವೈದ್ಯ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯ ಮತ್ತು ಯೋಗಕ್ಷೇಮವನ್ನು ಕುರಿತು ವರದಿ ಕೊಡಲು ಆಯೋಗ ಈ ಕಾರ್ಯಪಡೆಯನ್ನು ನೇಮಿಸಿತ್ತು. ಅದರ ಅಧ್ಯಕ್ಷರು ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನ ಮನೋವೈದ್ಯ ಡಾ. ಸುರೇಶ್ ಬಡಾ ಮಠ. 2024ರಲ್ಲಿ ವರದಿ ಹೊರಬಂತು. ಹಬ್ಬ ಮುಗಿಸಿ ಊರಿಗೆ ಮರಳಿದ ಮೇಲೆ ಹುಡುಗಿ ಅದನ್ನು ನನಗೆ ಕಳಿಸಿದಳು. ನಾನು ಕಥೆ ಬರೆಯುವವಳು. ಸರ್ಕಾರಿ ವರದಿ ಓದಿ ಅಭ್ಯಾಸವಿಲ್ಲ. ಕಥೆಗಳನ್ನು ಓದುವ ಹಾಗೆಯೇ ಇದನ್ನೂ ಓದಿದೆ, ಅಂದರೆ ಇಲ್ಲಿ ಯಾರು ಮಾತಾಡುತ್ತಿದ್ದಾರೆ, ಯಾರು ಸುಮ್ಮನಿದ್ದಾರೆ ಎಂದು ನೋಡುತ್ತ. ಆಮೇಲೆ, ವೈದ್ಯ ವಿದ್ಯಾರ್ಥಿಗಳನ್ನು ಕುರಿತು ನಾವು ಹೇಳಿಕೊಂಡು ಬಂದ ಕಥೆಗಳನ್ನು, ಮುಖ್ಯವಾಗಿ ಎಲ್ಲರೂ ನೋಡಿದ ಕೆಲವು ಸಿನಿಮಾಗಳನ್ನು, ಈ ವರದಿಯ ಪಕ್ಕದಲ್ಲಿಟ್ಟು ನೋಡಬೇಕೆನ್ನಿಸಿತು. ಈ ಬರಹ ಅದರ ಫಲ.

ಮೊದಲು ವರದಿಯ ಮಾತು. ಸಮೀಕ್ಷೆಗೆ ಉತ್ತರ ಕೊಟ್ಟವರು 25,590 ಎಂಬಿಬಿಎಸ್ ವಿದ್ಯಾರ್ಥಿಗಳು, 5,337 ಸ್ನಾತಕೋತ್ತರ ವಿದ್ಯಾರ್ಥಿಗಳು ಮತ್ತು 7,035 ಅಧ್ಯಾಪಕರು. ತಮಗೆ ಮಾನಸಿಕ ಕಾಯಿಲೆಯಿದೆಯೆಂದು ಗುರುತಿಸಲಾಗಿದೆ ಎಂದವರು ಎಂಬಿಬಿಎಸ್‌ನಲ್ಲಿ ಶೇ. 27.8, ಸ್ನಾತಕೋತ್ತರದಲ್ಲಿ ಶೇ. 15.3. ಹಿಂದಿನ ಹನ್ನೆರಡು ತಿಂಗಳಲ್ಲಿ ಬದುಕು ಮುಗಿಸಿಬಿಡುವ ಯೋಚನೆ ಬಂದಿತ್ತು ಎಂದವರು ಎಂಬಿಬಿಎಸ್‌ನಲ್ಲಿ ಶೇ. 16.2, ಸ್ನಾತಕೋತ್ತರದಲ್ಲಿ ಶೇ. 31.2. ಇವು ತಾವಾಗಿಯೇ ಉತ್ತರ ಕೊಡಲು ಮುಂದೆ ಬಂದವರ ಲೆಕ್ಕ. ದೇಶದ ಎಲ್ಲ ವಿದ್ಯಾರ್ಥಿಗಳ ಲೆಕ್ಕವೆಂದು ಹಿಡಿಯಬಾರದು. ಆದರೂ ಈ ನಾಲ್ಕು ಅಂಕಿಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿ. ಕಾಯಿಲೆ ಇದೆ ಎನ್ನುವವರು ಸ್ನಾತಕೋತ್ತರದಲ್ಲಿ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತಾರೆ. ಸಾಯುವ ಯೋಚನೆ ಬಂದವರು ಎರಡು ಪಟ್ಟಾಗುತ್ತಾರೆ. ನೋವು ಹೆಚ್ಚಾದ ಹಾಗೆ ಅದಕ್ಕೆ ಹೆಸರಿಡುವುದು ಕಡಿಮೆಯಾಗಿದೆ. ಇದಕ್ಕೆ ಬೇರೆ ಕಾರಣಗಳೂ ಇರಬಹುದು. ನನಗೆ ಮಾತ್ರ ಕಾಣುವುದು ಇಷ್ಟು: ವೃತ್ತಿಯಲ್ಲಿ ಒಳಗೊಳಗೆ ಹೋದಷ್ಟೂ ತನ್ನನ್ನು ರೋಗಿ ಎಂದು ಕರೆದುಕೊಳ್ಳುವ ಧೈರ್ಯ ಕುಗ್ಗುತ್ತದೆ. ಬೇರೆ ದೇಶಗಳಲ್ಲೂ ಇದು ಹೀಗೇ ಇದೆ. 43 ದೇಶಗಳ ವೈದ್ಯ ವಿದ್ಯಾರ್ಥಿಗಳ ಮೇಲೆ ನಡೆದ ಅಧ್ಯಯನಗಳನ್ನು ಒಟ್ಟುಗೂಡಿಸಿ 2016ರಲ್ಲಿ ಅಮೆರಿಕದ ವೈದ್ಯಸಂಘದ ಪತ್ರಿಕೆಯಲ್ಲಿ ಬಂದ ಲೇಖನವೊಂದರ ಪ್ರಕಾರ ಖಿನ್ನತೆಯ ಲಕ್ಷಣವಿದ್ದವರು ಶೇ. 27.2, ಅವರಲ್ಲಿ ಚಿಕಿತ್ಸೆಗೆ ಹೋದವರು ಶೇ. 15.7 ಮಾತ್ರ. ವೈದ್ಯರಾಗಲಿರುವವರೇ ವೈದ್ಯರ ಬಳಿ ಹೋಗುವುದಿಲ್ಲ.

ಈ ವರದಿಯ ಬಗ್ಗೆ ಗೌರವ ಹುಟ್ಟಿಸುವ ಸಂಗತಿ ಒಂದಿದೆ. ಅದು ನೋವನ್ನು ಬರೇ ಮನಸ್ಸಿನೊಳಗೆ ಹುಡುಕಿ ಸುಮ್ಮನಾಗುವುದಿಲ್ಲ, ಗಡಿಯಾರದಲ್ಲೂ ಹುಡುಕುತ್ತದೆ. ಉತ್ತರಿಸಿದ ಸ್ನಾತಕೋತ್ತರ ವಿದ್ಯಾರ್ಥಿಗಳಲ್ಲಿ ಶೇ. 45ರಷ್ಟು ಮಂದಿ ವಾರಕ್ಕೆ 60 ಗಂಟೆಗಿಂತ ಹೆಚ್ಚು ದುಡಿಯುತ್ತಾರೆ, ಶೇ. 56ರಷ್ಟು ಮಂದಿಗೆ ವಾರದ ರಜೆ ಸರಿಯಾಗಿ ಸಿಗುವುದಿಲ್ಲ ಎಂದು ಬರೆಯುತ್ತದೆ. ಒಂದು ದಿನ 24 ಗಂಟೆಯ ಡ್ಯೂಟಿ, ಉಳಿದ ಐದು ದಿನ ಹತ್ತು ಹತ್ತು ಗಂಟೆ, ಏಳನೆಯ ದಿನ ರಜೆ, ಒಟ್ಟು ವಾರಕ್ಕೆ 74 ಗಂಟೆ ಮೀರಬಾರದು ಎನ್ನುವುದು ಅದರ ಶಿಫಾರಸು. ದಿನಕ್ಕೆ ಏಳೆಂಟು ಗಂಟೆಯ ನಿದ್ದೆ ಬೇಕು ಎಂದೂ ಹೇಳುತ್ತದೆ. ನಿದ್ದೆ ಮಾಡಲು ರಾಷ್ಟ್ರಮಟ್ಟದ ಶಿಫಾರಸು ಬೇಕಾಗಿ ಬಂತು ಎನ್ನುವುದೇ ಒಂದು ಕಥೆ.

ಆದರೆ ಹಳೆಯ ಕಾಗದ ತೆಗೆದು ನೋಡಿದರೆ ಬೇರೊಂದು ಕಥೆಯಿದೆ. ಕೇಂದ್ರ ಸರ್ಕಾರದ 1992ರ ರೆಸಿಡೆನ್ಸಿ ಯೋಜನೆ, ಕಿರಿಯ ವೈದ್ಯರ ಕೆಲಸ ಸಾಮಾನ್ಯವಾಗಿ ಒಂದೇ ಸಮನೆ 12 ಗಂಟೆ, ವಾರಕ್ಕೆ 48 ಗಂಟೆ ಮೀರಬಾರದೆಂದು ಹೇಳಿತ್ತು. 2023ರ ಸ್ನಾತಕೋತ್ತರ ನಿಯಮಾವಳಿಗೆ ಬರುವ ಹೊತ್ತಿಗೆ ಅಂಕಿ ಮಾಯವಾಗಿ 'ಸಮಂಜಸ'ವಾದ ಕೆಲಸದ ಅವಧಿ, 'ಸಮಂಜಸ'ವಾದ ವಿಶ್ರಾಂತಿ ಎಂಬ ಮಾತು ಬಂತು. ಈಗ 74. ಅಂದರೆ ಮೂವತ್ತೆರಡು ವರ್ಷಗಳಲ್ಲಿ ನಮ್ಮ ಕನಸು ದೊಡ್ಡದಾಗುವ ಬದಲು ಕಿರಿದಾಗಿದೆ. ಅಮೆರಿಕದ ನ್ಯೂಯಾರ್ಕಿನಲ್ಲಿ 1984ರಲ್ಲಿ ಹದಿನೆಂಟು ವರ್ಷದ ಹುಡುಗಿಯೊಬ್ಬಳು ಆಸ್ಪತ್ರೆಗೆ ಸೇರಿದ ಕೆಲವೇ ಗಂಟೆಗಳಲ್ಲಿ ಸತ್ತಳು. ದಣಿದ ಕಿರಿಯ ವೈದ್ಯರ ಕೈಗೆ ಮಗಳನ್ನು ಬಿಟ್ಟದ್ದೇ ಕಾರಣವೆಂದು ಅವಳ ತಂದೆ ಹಠ ಹಿಡಿದು ಹೋರಾಡಿದರು. 1989ರಲ್ಲಿ ಆ ರಾಜ್ಯ ವಾರಕ್ಕೆ 80 ಗಂಟೆಯ ಮಿತಿ ಹಾಕಿತು. ಅಲ್ಲಿ ನಿಯಮ ಹುಟ್ಟಲು ಒಬ್ಬ ರೋಗಿ ಸಾಯಬೇಕಾಯಿತು. ನಮ್ಮಲ್ಲಿ ಐದು ವರ್ಷಗಳಲ್ಲಿ ನೂರಕ್ಕೂ ಹೆಚ್ಚು ವೈದ್ಯ ವಿದ್ಯಾರ್ಥಿಗಳು ತಮ್ಮ ಜೀವ ತಾವೇ ಕಳೆದುಕೊಂಡರೆಂದು, ಸಾವಿರಕ್ಕೂ ಹೆಚ್ಚು ಮಂದಿ ಸ್ನಾತಕೋತ್ತರ ಸೀಟು ಬಿಟ್ಟು ಹೋದರೆಂದು ಆಯೋಗವೇ ಮಾಹಿತಿ ಹಕ್ಕಿನಡಿ ಉತ್ತರ ಕೊಟ್ಟಿದೆ. ಸೀಟು ಬಿಡುವುದೂ ಸುಲಭವಲ್ಲ. ಲಕ್ಷಾಂತರ ರೂಪಾಯಿ ದಂಡ ಕಟ್ಟಬೇಕೆಂಬ ಬಾಂಡ್ ಹಲವು ರಾಜ್ಯಗಳಲ್ಲಿತ್ತು. ಅದನ್ನು ಕೈಬಿಡಿ ಎಂದು 2024ರ ಜನವರಿಯಲ್ಲಿ ಆಯೋಗ ರಾಜ್ಯಗಳಿಗೆ ಬರೆಯಿತು. ಓದಲೂ ಆಗದು, ಬಿಡಲೂ ಆಗದು ಎನ್ನುವ ಸ್ಥಿತಿಗೆ ಮನಶ್ಶಾಸ್ತ್ರಕ್ಕಿಂತ ಮೊದಲು ಸಾಲಪತ್ರದ ಭಾಷೆ ಹೊಂದುತ್ತದೆ.

ಇಲ್ಲಿ ನನ್ನದೊಂದು ಹಳೆಯ ತೊಡಕನ್ನು ಹೇಳಬೇಕು. ನಾಲ್ಕನೆಯ ಇಯತ್ತೆಯವರೆಗೆ ಉರ್ದು ಶಾಲೆಯಲ್ಲಿ ಓದಿ ಕನ್ನಡ ಶಾಲೆಗೆ ಬಂದಾಗ ನನ್ನನ್ನು ಬಹಳ ಕಾಡಿದ್ದು 'ಕೊಂಡು' ಎಂಬ ಪ್ರತ್ಯಯ. ಬರೆದಳು, ಬರೆದುಕೊಂಡಳು. ಹಚ್ಚಿದಳು, ಹಚ್ಚಿಕೊಂಡಳು. ಉರ್ದುವಿನ 'ಲೇನಾ' ಹಾಗೆಯೇ ಎಂದು ಮೇಷ್ಟ್ರು ಹೇಳಿಕೊಟ್ಟರು. ಕೆಲಸದ ಫಲ ಮಾಡಿದವರಿಗೇ ಬಂದು ಸೇರುತ್ತದೆ ಎಂದು. ಮನಸ್ಸಿನ ನೋವಿನ ವಿಷಯಕ್ಕೆ ಬಂದರೆ ಕನ್ನಡದಲ್ಲಿ ನಾವು ಹೆಚ್ಚಾಗಿ ಈ 'ಕೊಂಡು' ಬಿಟ್ಟು ಮಾತಾಡುವುದೇ ಇಲ್ಲ. ತಲೆ ಕೆಡಿಸಿಕೊಂಡಳು. ಮನಸ್ಸಿಗೆ ಹಚ್ಚಿಕೊಂಡಳು. ನೊಂದುಕೊಂಡಳು. ಕೊನೆಗೆ ಆತ್ಮಹತ್ಯೆ ಮಾಡಿಕೊಂಡಳು. ಎಲ್ಲ ಕ್ರಿಯೆಯೂ ಅವಳದೇ, ಎಲ್ಲ ಫಲವೂ ಅವಳಿಗೇ. ತಲೆ ಕೆಡಿಸಿದವರು ಯಾರು ಎಂಬ ಪ್ರಶ್ನೆಗೆ ಆ ವಾಕ್ಯದಲ್ಲಿ ಜಾಗವೇ ಇಲ್ಲ. 'ಒತ್ತಡ' ಎಂಬ ಮಾತೂ ಹಾಗೆಯೇ. ಒತ್ತುವವರಿಲ್ಲದೆ ಒತ್ತಡ ಎಲ್ಲಿಂದ ಬರುತ್ತದೆ? ಮಳೆ ಬಂತು, ಗಾಳಿ ಬೀಸಿತು ಎಂಬಂತೆ 'ಒತ್ತಡ ಹೆಚ್ಚಾಯಿತು' ಎನ್ನುತ್ತೇವೆ.

ಈ ಕರ್ತೃವನ್ನು ಹುಡುಕುವ ಕೆಲಸ ವರದಿಗಿಂತ ಹೆಚ್ಚಾಗಿ ಕಥೆಗಾರರದು, ಸಿನಿಮಾದವರದು. ನಾವು ಅದನ್ನು ಹೇಗೆ ಮಾಡಿದ್ದೇವೆ?

ಮೆಡಿಕಲ್ ಕಾಲೇಜು ಎಂದೊಡನೆ ನಮ್ಮ ಜನಕ್ಕೆ ನೆನಪಾಗುವುದು 'ಮುನ್ನಾಭಾಯಿ ಎಂಬಿಬಿಎಸ್'. ರಾಜಕುಮಾರ ಹಿರಾನಿಯವರ ಈ ಚಿತ್ರ 2003ರಲ್ಲಿ ಬಂತು. 2006ರಲ್ಲಿ ಅದು ಉಪೇಂದ್ರ ನಟಿಸಿದ 'ಉಪ್ಪಿದಾದಾ ಎಂಬಿಬಿಎಸ್' ಆಗಿ ಕನ್ನಡಕ್ಕೆ ಬಂತು. ನಾನು ಅದನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ, ಪ್ರತಿ ಸಲವೂ ಕಣ್ಣು ತೇವವಾಗಿದೆ. ಅದರ ಡೀನ್ ಡಾ. ಆಸ್ಥಾನಾ ಒಂದು ಕಡೆ ಹೇಳುವ ಮಾತು ಇಡೀ ಚಿತ್ರದ ಬೀಜ: ಸಾವಿರಾರು ಆಪರೇಷನ್ ಮಾಡಿದ ತನ್ನ ಕೈ ಎಂದೂ ನಡುಗಿಲ್ಲ, ಆದರೆ ಸ್ವಂತ ಮಗಳಿಗೆ ಮಾಡಬೇಕಾದರೆ ನಡುಗುತ್ತದೆ, ಆದ್ದರಿಂದ ರೋಗಿಯ ಮೇಲೆ ಮಮತೆ ಸಲ್ಲದು ಎನ್ನುವ ಅರ್ಥದ ಮಾತು. ಮಮತೆಯಿಲ್ಲದ ವೈದ್ಯಕೀಯಕ್ಕೆ ಉತ್ತರವಾಗಿ ಚಿತ್ರ ಅಪ್ಪುಗೆಯನ್ನು ಮುಂದಿಡುತ್ತದೆ. ಮುನ್ನಾ ರೋಗಿಗಳನ್ನು ಅಪ್ಪುತ್ತಾನೆ, ನೆಲ ಒರೆಸುವ ಮುದುಕನನ್ನು ಅಪ್ಪುತ್ತಾನೆ. ಇದರಲ್ಲಿ ದೊಡ್ಡತನವಿದೆ, ಇಲ್ಲವೆನ್ನಲಾರೆ. ಆದರೆ ಸಹಪಾಠಿಗಳು? ಅವರು ನನಗೆ ನೆನಪಿರುವುದು ಹೆಚ್ಚಾಗಿ ಬೆರಗಾಗಿ ನೋಡುವ, ಚಪ್ಪಾಳೆ ತಟ್ಟುವ ಗುಂಪಾಗಿ. ಮೊದಲ ಸಲ ಹೆಣದ ಮುಂದೆ ನಿಂತಾಗ ಹದಿನೆಂಟರ ಹುಡುಗನ ಒಳಗೆ ಏನಾಗುತ್ತದೆ ಎಂಬುದು ಅಲ್ಲಿ ನಗೆಯ ವಸ್ತು. ಹಾಸ್ಟೆಲಿನ ರ‍್ಯಾಗಿಂಗ್ ಕೂಡ ನಗೆಯ ವಸ್ತು, ಏಕೆಂದರೆ ರ‍್ಯಾಗಿಂಗಿಗೆ ಸಿಕ್ಕವನು ದಾದಾ. ಅವನು ಮರುಗಳಿಗೆಗೆ ಸೀನಿಯರುಗಳನ್ನೇ ಕುಣಿಸಬಲ್ಲ. ದಾದಾ ಅಲ್ಲದವರು ಏನು ಮಾಡಬೇಕು? ಈ ಚಿತ್ರ ಬರುವುದಕ್ಕೆ ಏಳು ವರ್ಷ ಮೊದಲು, 1996ರಲ್ಲಿ, ತಮಿಳುನಾಡಿನಲ್ಲಿ ಮೊದಲ ವರ್ಷದ ವೈದ್ಯ ವಿದ್ಯಾರ್ಥಿಯೊಬ್ಬನನ್ನು ಸೀನಿಯರ್ ಒಬ್ಬ ಕೊಂದಿದ್ದ. ಮರುವರ್ಷ ಆ ರಾಜ್ಯ ರ‍್ಯಾಗಿಂಗ್ ವಿರುದ್ಧ ಕಾಯ್ದೆ ತಂದಿತು. ಚಿತ್ರ ಬಂದು ಆರು ವರ್ಷಕ್ಕೆ, 2009ರಲ್ಲಿ, ಹಿಮಾಚಲದ ಮೆಡಿಕಲ್ ಕಾಲೇಜೊಂದರಲ್ಲಿ ಮತ್ತೊಬ್ಬ ಹುಡುಗ ರ‍್ಯಾಗಿಂಗಿಗೆ ಬಲಿಯಾದ. ಯುಜಿಸಿಯ ಕಟ್ಟುನಿಟ್ಟಿನ ನಿಯಮಗಳು ಬಂದದ್ದು ಆಮೇಲೆ. ಎರಡು ಸಾವುಗಳ ನಡುವೆ ನಿಂತು ನಾವು ಥಿಯೇಟರಿನಲ್ಲಿ ನಕ್ಕಿದ್ದೇವೆ. ನಾನೂ ನಕ್ಕಿದ್ದೇನೆ.

ಮುನ್ನಾಭಾಯಿಯ ಮೇಲೆ ನನಗೆ ಸಿಟ್ಟಿಲ್ಲ. 2017ರ ತೆಲುಗಿನ 'ಅರ್ಜುನ್ ರೆಡ್ಡಿ' ಮತ್ತು ಅದನ್ನೇ 2019ರಲ್ಲಿ ಹಿಂದಿಗೆ ತಂದ 'ಕಬೀರ್ ಸಿಂಗ್' ಮೇಲೆ ಇದೆ. ತೆಲುಗು ಚಿತ್ರದ ಮೆಡಿಕಲ್ ಕಾಲೇಜು ಇರುವುದು ನಮ್ಮ ಮಂಗಳೂರಿನಲ್ಲಿ. ನಾಯಕ ಯೂನಿವರ್ಸಿಟಿಗೇ ಮೊದಲು, ಆದರೆ ಕೋಪ ಹಿಡಿತದಲ್ಲಿಲ್ಲ. ಮೊದಲ ವರ್ಷಕ್ಕೆ ಸೇರಿದ ಹುಡುಗಿಯೊಬ್ಬಳು ಅವನ ಕಣ್ಣಿಗೆ ಬೀಳುತ್ತಾಳೆ. ಇವಳ ತಂಟೆಗೆ ಯಾರೂ ಹೋಗಬಾರದೆಂದು ಅವನು ತರಗತಿ ತರಗತಿಗೆ ಹೋಗಿ ಸಾರುತ್ತಾನೆ. ಅವಳು ಎಲ್ಲಿ ಕೂರಬೇಕು, ಯಾರ ಗೆಳೆತನ ಮಾಡಬೇಕು ಎಂಬುದನ್ನೂ ಅವನೇ ಗೊತ್ತುಮಾಡುತ್ತಾನೆ. ತರಗತಿಯಿಂದ ಕರೆದುಕೊಂಡು ಹೋಗಿ ತಾನೇ ಪಾಠ ಹೇಳುತ್ತಾನೆ. ಹುಡುಗಿ ಬಹಳ ಹೊತ್ತು ಬಾಯಿಯೇ ಬಿಡುವುದಿಲ್ಲ. ಸೀನಿಯರ್ ಒಬ್ಬ ಜೂನಿಯರ್ ಹುಡುಗಿಯ ಮೇಲೆ ಹಕ್ಕು ಸ್ಥಾಪಿಸುವುದಕ್ಕೆ ಕಾಲೇಜಿನ ಗೋಡೆಗಂಟಿಸಿದ ನೋಟಿಸಿನಲ್ಲಿ ಇರುವ ಹೆಸರು ಬೇರೆ. ಚಿತ್ರ ಅದನ್ನು ಪ್ರೇಮ ಎನ್ನುತ್ತದೆ. ಮುಂದೆ ಅವನು ಕುಡಿಯುತ್ತಾನೆ, ಕುಡಿದು ಆಪರೇಷನ್ ಮಾಡುತ್ತಾನೆ, ಕುಸಿಯುತ್ತಾನೆ. ಅವನ ನೋವಿಗೆ ಚಿತ್ರ ಮೂರು ಗಂಟೆಯಷ್ಟು ಹೊತ್ತು ಕೊಟ್ಟಿದೆ. ಆ ಹುಡುಗಿ ಪರೀಕ್ಷೆ ಹೇಗೆ ಬರೆದಳು, ರಾತ್ರಿ ನಿದ್ದೆ ಬಂತೇ ಎಂದು ಒಂದು ನಿಮಿಷವೂ ಕೇಳುವುದಿಲ್ಲ. ಚೆನ್ನಾಗಿ ನಟಿಸಿದ್ದಾರೆ, ಹಾಡು ಚೆನ್ನಾಗಿವೆ ಎಂದು ನನ್ನೊಡನೆ ವಾದ ಮಾಡಿದವರಿದ್ದಾರೆ. ಇರಬಹುದು. ಮೊದಲ ವರ್ಷದ ಹುಡುಗಿಯರ ತಂದೆತಾಯಿ ಒಮ್ಮೆ ಅದನ್ನು ನೋಡಲಿ.

ಹೊರಗಿನವರು ಬರೆದ ಕಥೆ ಹೀಗಾಯಿತು, ಒಳಗಿನವರೇ ಬರೆದರೆ? ಸ್ಯಾಮ್ಯುಯಲ್ ಶೆಮ್ ಎಂಬ ಹೆಸರಿನಲ್ಲಿ ಅಮೆರಿಕದ ಮನೋವೈದ್ಯ ಸ್ಟೀಫನ್ ಬರ್ಗ್‌ಮನ್ 1978ರಲ್ಲಿ 'ದ ಹೌಸ್ ಆಫ್ ಗಾಡ್' ಎಂಬ ಕಾದಂಬರಿ ಬರೆದರು. ದೊಡ್ಡ ಆಸ್ಪತ್ರೆಯೊಂದರಲ್ಲಿ ಆಗತಾನೇ ಡಿಗ್ರಿ ಮುಗಿಸಿ ಬಂದ ಕೆಲವು ಯುವಕರ ಒಂದು ವರ್ಷದ ಕಥೆ. ಓದಲು ಹಿತವಾದ ಪುಸ್ತಕವಲ್ಲ. ಹೆಂಗಸರನ್ನು, ಅದರಲ್ಲೂ ನರ್ಸುಗಳನ್ನು, ಅದು ಕಾಣುವ ಬಗೆ ನನಗೆ ಅಸಹ್ಯ ಹುಟ್ಟಿಸಿತು; ನಡುವೆ ಎರಡು ಸಲ ಮುಚ್ಚಿಟ್ಟೆ. ಸಾಯಲಾರದ ಮುದುಕ ಮುದುಕಿಯರಿಗೆ ಆ ಯುವಕರು ಇಟ್ಟ ಅಡ್ಡಹೆಸರು ಕೇಳಿದರೆ ನಮ್ಮ ದಾದಿಮಾ ಎಕ್ಸ್‌ರೇ ಸಮೇತ ಎದ್ದು ಹೋದಾರು. ಆದರೆ ಆ ಪುಸ್ತಕಕ್ಕೆ ಒಂದು ಸತ್ಯ ಗೊತ್ತಿದೆ. ಕ್ರೂರವಾದ ಆ ಭಾಷೆ ಹುಟ್ಟುವುದು ಕ್ರೂರ ಮನುಷ್ಯರಿಂದಲ್ಲ, ನಿದ್ದೆಗೆಟ್ಟ, ಹೆದರಿದ ಮನುಷ್ಯರಿಂದ. ಪಾಟ್ಸ್ ಎಂಬ ಮೆತ್ತನೆಯ ಮನಸ್ಸಿನ ವೈದ್ಯನೊಬ್ಬ ಅದರಲ್ಲಿದ್ದಾನೆ. ಅವನ ಕೈಯಲ್ಲಿ ಒಬ್ಬ ರೋಗಿಗೆ ಚಿಕಿತ್ಸೆ ತಪ್ಪುತ್ತದೆ. ಮೇಲಿನವರು ಆ ತಪ್ಪನ್ನು ಅವನಿಗೆ ಮತ್ತೆ ಮತ್ತೆ ನೆನಪಿಸುತ್ತಾರೆ. ಅವನು ವರ್ಷ ಮುಗಿಯುವವರೆಗೆ ಬದುಕುವುದಿಲ್ಲ. ಪಾಟ್ಸ್ ತಲೆ ಕೆಡಿಸಿಕೊಂಡ ಎಂದು ಕಾದಂಬರಿ ಹೇಳಿ ಮುಗಿಸುವುದಿಲ್ಲ. ಕೆಡಿಸಿದವರ ಕುರ್ಚಿ, ಮಾತಿನ ಧಾಟಿ, ಎಲ್ಲ ಅಲ್ಲಿವೆ. ಹಳೆಯದಾದ, ಒರಟಾದ ಆ ಪುಸ್ತಕದಲ್ಲಿ ಉಳಿದಿರುವ ಬೆಲೆ ಇದೊಂದೇ. ನಮ್ಮ ಕಾಲಕ್ಕೆ ಅದು ಸಾಕಷ್ಟು ದೊಡ್ಡದು.

ಈಗ ನಮ್ಮ ದೇಶದ ಒಂದು ನಿಜ ಸಂಗತಿಗೆ ಬರೋಣ. ಮುಂಬಯಿಯ ನಾಯರ್ ಆಸ್ಪತ್ರೆಗೆ ಸೇರಿದ ಕಾಲೇಜಿನಲ್ಲಿ ಸ್ತ್ರೀರೋಗ ಮತ್ತು ಪ್ರಸೂತಿ ವಿಭಾಗದ ಸ್ನಾತಕೋತ್ತರ ವಿದ್ಯಾರ್ಥಿನಿಯಾಗಿದ್ದ ಡಾ. ಪಾಯಲ್ ತಡವಿ 2019ರ ಮೇ 22ರಂದು ತೀರಿಕೊಂಡರು. ಜಳಗಾಂವ್ ಜಿಲ್ಲೆಯಿಂದ ಬಂದವರು, ತಡವಿ ಭಿಲ್ ಎಂಬ ಆದಿವಾಸಿ ಮುಸ್ಲಿಂ ಸಮುದಾಯದವರು, ಪರಿಶಿಷ್ಟ ಪಂಗಡದ ಮೀಸಲಾತಿಯಲ್ಲಿ ಸೀಟು ಪಡೆದವರು. ಹಿರಿಯ ವಿದ್ಯಾರ್ಥಿನಿಯರು ಜಾತಿ ಹಿಡಿದು ಹೀಯಾಳಿಸುತ್ತಿದ್ದರು, ಕೆಲಸ ಕಲಿಯಲು ಬಿಡುತ್ತಿರಲಿಲ್ಲ ಎಂಬುದು ಮನೆಯವರ ಆರೋಪ. ತೀರ್ಪು ಹೇಳಬೇಕಾದದ್ದು ನ್ಯಾಯಾಲಯ. ನಾನು ಹೇಳಬೇಕೆಂದಿರುವುದು ತಾಯಿಯ ಬಗ್ಗೆ. ಅದೇ 2019ರಲ್ಲಿ ಆಬೇದಾ ತಡವಿ, ಹೈದರಾಬಾದಿನ ರೋಹಿತ್ ವೇಮುಲನ ತಾಯಿ ರಾಧಿಕಾ ಅವರೊಡನೆ ಸೇರಿ ಸುಪ್ರೀಂ ಕೋರ್ಟಿಗೆ ಹೋದರು. ಕಾಲೇಜುಗಳೊಳಗಿನ ಜಾತಿ ತಾರತಮ್ಯವನ್ನು ತಡೆಯುವ ನಿಯಮಗಳು ಕಾಗದದಲ್ಲಷ್ಟೇ ಇವೆ, ಜಾರಿಗೆ ತನ್ನಿ ಎಂದು ಕೇಳಿದರು. ನಿಮ್ಮ ಮಗಳಿಗೆ ಮನೋಬಲ ಸಾಲದಾಯಿತು ಎಂಬ ಮಾತನ್ನು ಆ ತಾಯಿ ಒಪ್ಪಿಕೊಳ್ಳಲಿಲ್ಲ. ಇಬ್ಬರು ತಾಯಂದಿರು ವಾಕ್ಯದ ಕರ್ತೃವನ್ನು ಹುಡುಕಿಕೊಂಡು ದೆಹಲಿಯವರೆಗೆ ನಡೆದರು. ಕಥೆಗಾರರಾದ ನಾವು ಮಾಡದಿದ್ದ ಕೆಲಸ ಅದು.

ಪಾಯಲ್ ತಡವಿಯ ನೋವನ್ನೂ, ಊರಿನ ದೊಡ್ಡ ಡಾಕ್ಟರ ಮಗ ಅದೇ ವಾರ್ಡಿನಲ್ಲಿ ಪಡುವ ಆಯಾಸವನ್ನೂ 'ಒತ್ತಡ' ಎಂಬ ಒಂದೇ ಅಂಕಣಕ್ಕೆ ಹಾಕಿದರೆ ಸಿಗುವುದು ಸರಾಸರಿ, ಸತ್ಯವಲ್ಲ. ಯಾವ ಸಮೀಕ್ಷೆಯ ಹಣೆಬರಹವೂ ಇದೇ. ಭಾಷೆಯ ವಿಷಯವನ್ನೇ ತೆಗೆದುಕೊಳ್ಳಿ. ಉರ್ದು ಅಥವಾ ಕನ್ನಡ ಶಾಲೆಯಿಂದ ಹೋದ ಹುಡುಗಿ ಮೊದಲ ವರ್ಷ ಅಂಗರಚನೆಯನ್ನಷ್ಟೇ ಕಲಿಯುವುದಿಲ್ಲ. ಅದನ್ನು ಹೇಳುವ ಇಂಗ್ಲಿಷನ್ನೂ, ಗೊತ್ತಿದ್ದರೂ ವೈವಾದಲ್ಲಿ ಬಾಯಿ ಕಟ್ಟುವ ಅವಮಾನವನ್ನೂ ಜೊತೆಗೇ ಕಲಿಯುತ್ತಾಳೆ. ಮಧ್ಯಪ್ರದೇಶ 2022ರಲ್ಲಿ ಹಿಂದಿಯಲ್ಲಿ ಎಂಬಿಬಿಎಸ್ ಪುಸ್ತಕ ತಂದಾಗ ಎಷ್ಟೋ ಜನ ನಕ್ಕರು. ಪುಸ್ತಕಗಳ ಗುಣದ ಚರ್ಚೆ ಬೇರೆ. ನಗುವ ಮೊದಲು, ಕನ್ನಡ ಶಾಲೆಯಲ್ಲಿ ಮೊದಲ ಸಲ ಎದ್ದು ನಿಂತು 'ಹಾಲು' ಎನ್ನಲು ಹೋಗಿ 'ದೂಧ್' ಎಂದು, ತರಗತಿಯೆಲ್ಲ ಗೊಳ್ಳೆಂದಾಗ ನೆಲ ನೋಡಿದ್ದು ನನಗೆ ನೆನಪಾಯಿತು.

ಕರ್ತೃಗಳ ಪಟ್ಟಿಯಲ್ಲಿ ಆಡಳಿತ ಮಂಡಳಿ, ಪ್ರೊಫೆಸರು, ಸೀನಿಯರುಗಳನ್ನು ಮಾತ್ರ ಬರೆದು ಮುಗಿಸಿದರೆ ಅದು ಮೋಸ. ನಮ್ಮ ನಡುಮನೆಯೂ ಅದರಲ್ಲಿದೆ. ಮಗು ತೊಟ್ಟಿಲಲ್ಲಿ ಇದ್ದಾಗಲೇ ಡಾಕ್ಟರ್ 'ಬನಾಯೇಂಗೇ' ಎನ್ನುತ್ತೇವೆ. ಮನ್ನತ್ ಹೊರುತ್ತೇವೆ, ಸೈಟು ಮಾರುತ್ತೇವೆ, ನೀಟ್ ಕೋಚಿಂಗಿಗೆ ಒಂದು ವರ್ಷ, ಆಗದಿದ್ದರೆ ಇನ್ನೊಂದು ವರ್ಷ. ಸೀಟು ಸಿಕ್ಕ ದಿನ ಇಡೀ ಮೊಹಲ್ಲಾಕ್ಕೆ ಸಿಹಿ. ಅಷ್ಟೆಲ್ಲ ಆದ ಮೇಲೆ 'ಅಮ್ಮಿ, ನನಗೆ ಆಗ್ತಿಲ್ಲ' ಎನ್ನಲು ಆ ಮಗುವಿಗೆ ಯಾವ ಬಾಯಿ ಉಳಿದಿರುತ್ತದೆ? ಹೇಳಿದರೂ ನಮ್ಮ ಉತ್ತರ ಸಿದ್ಧವಾಗಿರುತ್ತದೆ: ನಮಾಜು ಬಿಟ್ಟಿರಬೇಕು, ನಜರ್ ತಾಗಿರಬೇಕು, ದುವಾ ಮಾಡು. ದುವಾ ಬೇಡವೆಂದು ನಾನು ಹೇಳುತ್ತಿಲ್ಲ. ಜ್ವರ ಬಂದರೆ ದುವಾ ಮಾಡುತ್ತೇವೆ, ಮಾತ್ರೆಯನ್ನೂ ತರುತ್ತೇವೆ. ಮನಸ್ಸಿನ ಜ್ವರಕ್ಕೆ ಮಾತ್ರ ಮಾತ್ರೆ ತಂದರೆ ನಾಳೆ ಹುಡುಗಿಗೆ ರಿಶ್ತಾ ಬರುವುದಿಲ್ಲ ಎನ್ನುತ್ತೇವೆ. ಸಾಯುವ ಮಾತೆತ್ತಿದರೆ 'ಹರಾಮ್' ಎಂಬ ಒಂದೇ ಶಬ್ದದಿಂದ ಬಾಯಿ ಮುಚ್ಚಿಸುತ್ತೇವೆ. ಅದು ಹರಾಮ್ ಎಂದು ಆ ಮಗುವಿಗೂ ಗೊತ್ತು. ಗೊತ್ತಿದ್ದೂ ಆ ಯೋಚನೆ ಬಂತಲ್ಲ, ಎಲ್ಲಿಂದ ಬಂತು ಎಂದು ಕೇಳುವವರು ಬೇಕಿತ್ತು. ಈ ವಿಷಯದಲ್ಲಿ ದೇಶದ ಕಾನೂನು ನಮಗಿಂತ ಮುಂದೆ ಹೋಗಿದೆ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಮೊದಲು ಭಾವಿಸಬೇಕು, ಶಿಕ್ಷಿಸಬಾರದು, ಆರೈಕೆ ಕೊಡುವುದು ಸರ್ಕಾರದ ಕರ್ತವ್ಯ ಎಂದು 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಕಲಮು ಹೇಳುತ್ತದೆ. ಟೆಲಿ ಮಾನಸ್ ಎಂಬ ಉಚಿತ ಸಹಾಯವಾಣಿ 2022ರ ಅಕ್ಟೋಬರಿನಿಂದ ನಡೆಯುತ್ತಿದೆ, ಸಂಖ್ಯೆ 14416. ಕನ್ನಡದಲ್ಲೂ ಮಾತಾಡಬಹುದು. ಆಪಾಳ ಮನೆಯ ಫ್ರಿಜ್ಜಿನ ಮೇಲೆ ಗ್ಯಾಸಿನವನ ನಂಬರಿನ ಪಕ್ಕ ಅದನ್ನು ಬರೆದು ಬಂದಿದ್ದೇನೆ. ಭಾವ ನೋಡಿ ಏನೂ ಹೇಳಲಿಲ್ಲ, ಅಳಿಸಲೂ ಇಲ್ಲ.

ಕನ್ನಡಕ್ಕೆ ಮನಸ್ಸಿನ ಕಾಯಿಲೆಯ ಮಾತು ಹೊಸದಲ್ಲ. 'ಕೊರವಂಜಿ'ಯ ರಾಶಿ ಅವರು, ಅಂದರೆ ಡಾ. ಎಂ. ಶಿವರಾಂ, ಬರೆದ 'ಮನಮಂಥನ'ಕ್ಕೆ 1976ರಲ್ಲೇ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದೆ. ಕಥೆ ಕಾದಂಬರಿಗಳನ್ನು ಬಿಟ್ಟು ಮನಶ್ಶಾಸ್ತ್ರದ ಪುಸ್ತಕವೊಂದಕ್ಕೆ ಆ ಮನ್ನಣೆ ಸಿಕ್ಕಿದ್ದು ಸಣ್ಣ ಮಾತಲ್ಲ. ಡಾ. ಅನುಪಮಾ ನಿರಂಜನರು ಹೆಂಗಸರ ಆರೋಗ್ಯವನ್ನು ಮನೆಮನೆಯ ಮಾತಾಗಿಸಿದರು. ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ.ಆರ್. ಚಂದ್ರಶೇಖರ್ ಬರೆದ ಪುಸ್ತಕಗಳು ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲೂ ಸಿಗುತ್ತವೆ. ವೈದ್ಯರು ನಮ್ಮ ಮನಸ್ಸಿನ ಬಗ್ಗೆ ಬರೆದಿದ್ದಾರೆ. ವೈದ್ಯರಾಗುವ ಮಕ್ಕಳ ಮನಸ್ಸಿನ ಬಗ್ಗೆ ನಾವು ಎಷ್ಟು ಬರೆದಿದ್ದೇವೆ? ನನ್ನ ಕಥೆಗಳನ್ನೇ ತಿರುವಿ ಹಾಕಿದೆ. ಐದು ಕಥೆಗಳಲ್ಲಿ ಡಾಕ್ಟರು ಬರುತ್ತಾರೆ. ಐದರಲ್ಲೂ ಕೊನೆಯ ಪುಟದಲ್ಲಿ ಬರುತ್ತಾರೆ, ನಾಡಿ ನೋಡುತ್ತಾರೆ, ತಲೆ ಅಲ್ಲಾಡಿಸುತ್ತಾರೆ, ಹೋಗುತ್ತಾರೆ. ಅವರಿಗೆ ಹೆಸರಿಲ್ಲ. ಹಿಂದಿನ ರಾತ್ರಿ ಅವರು ಮಲಗಿದ್ದರೇ ಎಂದು ನಾನೂ ಕೇಳಿಲ್ಲ.

ಇನ್ನೊಂದು ಸಂಗತಿಯನ್ನು ಹುಡುಗಿಯೇ ಹೇಳಿದ್ದು, ಬರೆಯದೆ ಬಿಡಲಾರೆ. ಎಂಬಿಬಿಎಸ್‌ನಲ್ಲಿ ಮನೋವೈದ್ಯಶಾಸ್ತ್ರಕ್ಕೆ ಪ್ರತ್ಯೇಕ ಪರೀಕ್ಷೆಯಿಲ್ಲ. ಜನರಲ್ ಮೆಡಿಸಿನ್ ಪತ್ರಿಕೆಯೊಳಗೆ ಅದಕ್ಕೊಂದು ಮೂಲೆ. ಪರೀಕ್ಷೆಗೆ ಬರುವುದನ್ನು ಮಾತ್ರ ಓದಲು ಪುರಸೊತ್ತಿರುವ ಮಕ್ಕಳು ಆ ಮೂಲೆಯನ್ನು ಕೊನೆಗೆ ಇಟ್ಟುಕೊಳ್ಳುತ್ತಾರೆ, ಹೊತ್ತು ಉಳಿದರೆ ಓದುತ್ತಾರೆ. "ನನಗೆ ಆಗ ಆಗ್ತಿದ್ದದ್ದು ಏನು ಅಂತ ಆ ಚಾಪ್ಟರ್ ಓದಿದ ಮೇಲೆ ಗೊತ್ತಾಯ್ತು ಖಾಲಾ," ಎಂದಳು. ಅಷ್ಟು ಹೊತ್ತಿಗೆ ಆ ಮೂರು ತಿಂಗಳು ಮುಗಿದು ಒಂದು ವರ್ಷವಾಗಿತ್ತು. ರೂಮಿನಲ್ಲಿ ಜೊತೆಗಿದ್ದ ಬಳ್ಳಾರಿ ಕಡೆಯ ಹುಡುಗಿಯೊಬ್ಬಳು ರಾತ್ರಿ ಅವಳಿಗೆ ಪುಸ್ತಕ ಓದಿ ಹೇಳುತ್ತಿದ್ದಳಂತೆ, ಕಣ್ಣು ಮುಚ್ಚಿ ಕೇಳು ಸಾಕು ಎನ್ನುತ್ತಿದ್ದಳಂತೆ. ಯಾವ ಶಿಫಾರಸಿನಲ್ಲೂ ಆ ಹುಡುಗಿಯ ಹೆಸರಿಲ್ಲ.

ಈ ಬರಹವನ್ನು ಪತ್ರಿಕೆಗೆ ಕಳಿಸುವ ಮೊದಲು ಅವಳಿಗೆ ಓದಿ ಹೇಳಬೇಕೆಂದು, ತನ್ನ ಬಗ್ಗೆ ಬರೆದದ್ದರಲ್ಲಿ ಏನಾದರೂ ತೆಗೆಯಬೇಕಿದ್ದರೆ ತೆಗೆಯಲೆಂದು, ನಿನ್ನೆ ರಾತ್ರಿ ಫೋನ್ ಮಾಡಿದೆ. ಹೆರಿಗೆ ವಾರ್ಡಿನ ಪೋಸ್ಟಿಂಗ್ ಮುಗಿಸಿ ಆಗತಾನೇ ಹಾಸ್ಟೆಲಿಗೆ ಬಂದಿದ್ದಳು. ಓದಿ ಖಾಲಾ, ಕೇಳ್ತಿದ್ದೀನಿ ಎಂದಳು. ಮಾಳಿಗೆಯ ಮಾತು ಬಂದಾಗ ನಕ್ಕಳು. 74 ಗಂಟೆಯ ಲೆಕ್ಕ ಬಂದಾಗ ಹೂಂ ಎಂದಳು. ಮುನ್ನಾಭಾಯಿಗೆ ಬರುವ ಹೊತ್ತಿಗೆ ಆ ಕಡೆಯಿಂದ ಉಸಿರಿನ ಸದ್ದು ಮಾತ್ರ ಕೇಳುತ್ತಿತ್ತು. ನಾನು ಓದುವುದನ್ನು ನಿಲ್ಲಿಸಿದೆ, ಫೋನ್ ಮಾತ್ರ ಸ್ವಲ್ಪ ಹೊತ್ತು ಹಾಗೆಯೇ ಹಿಡಿದುಕೊಂಡು ಕೂತಿದ್ದೆ.